ಅನಾಟಮಿ ಪದಗಳು ತಲೆಗೆ ಹತ್ತುತ್ತಿಲ್ಲವೇ? ಕನ್ನಡ ಮಾಧ್ಯಮದಿಂದ ಬಂದವರಿಗೆ ಹಂತ ಹಂತದ ಮಾರ್ಗದರ್ಶಿ

ನರ್ಸಿಂಗ್ ಮೊದಲ ವರ್ಷದವರಿಗೆ ಪಾಠ ಮಾಡುವಾಗ ಪ್ರತಿ ಬ್ಯಾಚಿನಲ್ಲೂ ನಾನು ಒಂದೇ ತೊಂದರೆ ನೋಡುತ್ತೇನೆ. ಹೃದಯ ಹೇಗೆ ಕೆಲಸ ಮಾಡುತ್ತದೆ ಎಂದು ಕನ್ನಡದಲ್ಲಿ ಹೇಳಿದರೆ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅದೇ ವಿಷಯ ಪುಸ್ತಕದಲ್ಲಿ ಓದಲು ಕೂತರೆ ಒಂದು ಸಾಲಿಗೆ ಐದು ಹೊಸ ಪದ. ಆಮೇಲೆ ರಾತ್ರಿಯೆಲ್ಲ ಉರು ಹೊಡೆಯುತ್ತಾರೆ, ಮೂರನೇ ದಿನಕ್ಕೆ ಎಲ್ಲ ಮರೆತುಹೋಗುತ್ತದೆ. ತಮಗೆ ಇಂಗ್ಲಿಷ್ ಬರಲ್ಲ, ಅದಕ್ಕೇ ಹೀಗೆ ಎಂದು ಅಂದುಕೊಳ್ಳುತ್ತಾರೆ. ಅದು ನಿಜವಲ್ಲ. ಇವು ಹೆಚ್ಚಾಗಿ ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳು. ಇಂಗ್ಲಿಷ್ ಮಾಧ್ಯಮದವರಿಗೂ ಅಷ್ಟೇ ಹೊಸದು.

ತಪ್ಪು ಇರುವುದು ಕಲಿಯುವ ಕ್ರಮದಲ್ಲಿ. ಎಲ್ಲರೂ ಮೂಳೆಗಳ ಹೆಸರಿನಿಂದ ಶುರು ಮಾಡುತ್ತಾರೆ. ಆದರೆ ಮೂಳೆಯ ವಿವರಣೆ ಓದಬೇಕಾದರೆ ದಿಕ್ಕಿನ ಪದ ಗೊತ್ತಿರಬೇಕು. ದಿಕ್ಕು ತಿಳಿಯಬೇಕಾದರೆ ದೇಹ ಯಾವ ಭಂಗಿಯಲ್ಲಿ ನಿಂತಿದೆ ಎಂದು ಗೊತ್ತಿರಬೇಕು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಗಟ್ಟಿಯಾಗುವವರೆಗೆ ಮುಂದಿನದಕ್ಕೆ ಹೋಗಬೇಡಿ.

## ಮೊದಲು ಇಷ್ಟು ಜೋಡಿಸಿಕೊಳ್ಳಿ

ಒಂದು ಉದ್ದದ ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಚರ್ಮದ ಮೇಲೆ ಗುರುತು ಹಾಕಿ ತೊಳೆಯಬಹುದಾದ ಒಂದು ಸ್ಕೆಚ್ ಪೆನ್, ಮೈ ಪೂರ್ತಿ ಕಾಣುವ ಕನ್ನಡಿ, ಜೊತೆಗೆ ಓದುವ ಒಬ್ಬ ಗೆಳತಿ ಅಥವಾ ಗೆಳೆಯ. ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆಗಳನ್ನು ಎಸೆಯಬೇಡಿ. ಖಾಲಿ ಭಾಗ ಕತ್ತರಿಸಿಕೊಂಡರೆ ಗಟ್ಟಿಯಾದ ಕಾರ್ಡ್ ಸಿಗುತ್ತವೆ. ಒಂದು ಕಡೆ ಪದ, ಇನ್ನೊಂದು ಕಡೆ ಅರ್ಥ.

ಕಾರ್ಡಿನ ಮೇಲೆ ಪದವನ್ನು ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲೇ ಬರೆಯಿರಿ, ಉಚ್ಚಾರ ಮಾತ್ರ ಕನ್ನಡದಲ್ಲಿ ಬರೆದುಕೊಳ್ಳಿ. ಬರೀ ಕನ್ನಡ ಲಿಪಿಯಲ್ಲಿ ಬರೆದುಕೊಂಡವರು ಐದನೇ ಹಂತದಲ್ಲಿ ಕಷ್ಟಪಡುತ್ತಾರೆ. ಯಾಕೆಂದು ಅಲ್ಲಿ ಹೇಳುತ್ತೇನೆ.

## ಹಂತ 1: ಎದ್ದು ನಿಲ್ಲಿ, ಅಂಗೈ ಮುಂದಕ್ಕೆ ತಿರುಗಿಸಿ

ಕನ್ನಡಿ ಮುಂದೆ ನೆಟ್ಟಗೆ ನಿಲ್ಲಿ. ಮುಖ ಮುಂದಕ್ಕೆ, ಪಾದಗಳು ಮುಂದಕ್ಕೆ, ಕೈಗಳು ಪಕ್ಕದಲ್ಲಿ ಇಳಿಬಿಟ್ಟಿರಲಿ. ಈಗ ಅಂಗೈ ಎರಡನ್ನೂ ಮುಂದಕ್ಕೆ ತಿರುಗಿಸಿ. ಹೆಬ್ಬೆರಳು ಹೊರಗಡೆಗೆ ಬಂತಲ್ವಾ? ಇದೇ ಅನಾಟಮಿಕಲ್ ಪೊಸಿಷನ್. ರೋಗಿ ಮಲಗಿರಲಿ, ಕೂತಿರಲಿ, ಬೋರಲಾಗಿರಲಿ, ಪುಸ್ತಕ ಮಾತ್ರ ದೇಹ ಹೀಗೇ ನಿಂತಿದೆ ಎಂದುಕೊಂಡು ಮಾತಾಡುತ್ತದೆ.

ಅಂಗೈ ತಿರುಗಿಸುವುದು ಯಾಕಷ್ಟು ಮುಖ್ಯ ಎಂದು ಕೈಯಲ್ಲೇ ನೋಡಿ. ಬಲ ಮುಂಗೈಯನ್ನು ಎಡಗೈಯಿಂದ ಮಣಿಕಟ್ಟಿನ ಸ್ವಲ್ಪ ಮೇಲೆ ಹಿಡಿದುಕೊಳ್ಳಿ. ಬಲ ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಿ. ಒಳಗೆ ಒಂದು ಮೂಳೆ ಇನ್ನೊಂದರ ಮೇಲೆ ಹೊರಳುವುದು ಬೆರಳಿಗೆ ಸಿಗುತ್ತದೆ. ಹೊರಳುವುದು ರೇಡಿಯಸ್, ಹೆಬ್ಬೆರಳ ಕಡೆಯದು. ಹೊರಳದೆ ಇರುವುದು ಅಲ್ನಾ, ಕಿರುಬೆರಳ ಕಡೆಯದು. ಅಂಗೈ ಮುಂದಕ್ಕಿದ್ದರೆ ಎರಡೂ ಅಕ್ಕಪಕ್ಕ ಇರುತ್ತವೆ. ಹಿಂದಕ್ಕೆ ತಿರುಗಿದರೆ ಒಂದರ ಮೇಲೊಂದು ಅಡ್ಡ ಬರುತ್ತವೆ. ಭಂಗಿ ಒಂದೇ ಇಲ್ಲದಿದ್ದರೆ ಯಾವುದು ಒಳಗೆ, ಯಾವುದು ಹೊರಗೆ ಎಂದು ಹೇಳಲು ಸಾಧ್ಯವೇ ಇಲ್ಲ.

ಎಲ್ಲಿ ತಪ್ಪುತ್ತಾರೆ: ಎಡ ಬಲದಲ್ಲಿ. ಎಡ ಎಂದರೆ ಯಾವಾಗಲೂ ರೋಗಿಯ ಎಡ, ನೋಡುವವರ ಎಡ ಅಲ್ಲ. ನಾನು ಓದುವಾಗ ವಾರ್ಡಿನಲ್ಲಿ ಮೊದಲ ವಾರವೇ ಈ ತಪ್ಪು ಮಾಡಿದ್ದೆ. ಮಂಚದ ಕಾಲ ಬಳಿ ನಿಂತು ಒಬ್ಬ ಅಜ್ಜನ ಗಾಯ ನೋಡಿ ಎಡಗಾಲು ಎಂದು ಬರೆದೆ. ಗಾಯ ಇದ್ದದ್ದು ಬಲಗಾಲಿಗೆ. ಹಿರಿಯ ಸಿಸ್ಟರ್ ನನ್ನನ್ನು ಅಜ್ಜನ ತಲೆದಿಂಬಿನ ಪಕ್ಕ ಕರೆದುಕೊಂಡು ಹೋಗಿ, ಅಜ್ಜ ನೋಡುತ್ತಿದ್ದ ದಿಕ್ಕಿಗೇ ಮುಖ ಮಾಡಿಸಿ ನಿಲ್ಲಿಸಿ, "ಈಗ ಹೇಳು" ಎಂದರು. ಇವತ್ತಿಗೂ ಬರೆಯುವ ಮುಂಚೆ ಮನಸ್ಸಿನಲ್ಲಿ ಒಮ್ಮೆ ಹಾಗೆ ತಿರುಗಿ ನಿಲ್ಲುತ್ತೇನೆ. ನೀವೂ ಹಾಗೆ ಮಾಡಿ.

## ಹಂತ 2: ದಿಕ್ಕುಗಳನ್ನು ಜೋಡಿಯಾಗಿ ಕಲಿಯಿರಿ

ಮೇಲಿನದು ಸುಪೀರಿಯರ್, ಕೆಳಗಿನದು ಇನ್‌ಫೀರಿಯರ್. ಮುಂದಿನದು ಆಂಟೀರಿಯರ್, ಹಿಂದಿನದು ಪೋಸ್ಟೀರಿಯರ್. ಚರ್ಮಕ್ಕೆ ಹತ್ತಿರದ್ದು ಸೂಪರ್‌ಫಿಷಿಯಲ್, ಒಳಗಿನದು ಡೀಪ್. ಈ ಮೂರು ಜೋಡಿ ಯಾರಿಗೂ ಕಷ್ಟವಾಗುವುದಿಲ್ಲ.

ಸ್ವಲ್ಪ ನಿಧಾನ ಮಾಡಬೇಕಾದ್ದು ಮೀಡಿಯಲ್ ಮತ್ತು ಲ್ಯಾಟರಲ್‌ನಲ್ಲಿ. ಮೂಗಿನಿಂದ ಹೊಕ್ಕುಳಿನ ಮೇಲೆ ಹಾದು ಕೆಳಗೆ ಒಂದು ನೇರ ಗೆರೆ ಎಳೆಯಿರಿ. ಆ ನಡುಗೆರೆಗೆ ಹತ್ತಿರದ್ದು ಮೀಡಿಯಲ್, ದೂರದ್ದು ಲ್ಯಾಟರಲ್. ಕಣ್ಣು ಮೂಗಿಗಿಂತ ಲ್ಯಾಟರಲ್, ಕಿವಿಗಿಂತ ಮೀಡಿಯಲ್. ಒಂದೇ ಅಂಗ ಎರಡೂ ಆಗುತ್ತದೆ, ಗಮನಿಸಿ. ಇವು ಹೋಲಿಕೆಯ ಪದಗಳು. "ಕಣ್ಣು ಲ್ಯಾಟರಲ್" ಎಂದು ಸುಮ್ನೆ ಹೇಳಿ ನಿಲ್ಲಿಸಿದರೆ ಉತ್ತರ ಅರ್ಧ. ಯಾವುದಕ್ಕಿಂತ ಎಂದು ಹೇಳಬೇಕು.

ಪ್ರಾಕ್ಸಿಮಲ್, ಡಿಸ್ಟಲ್ ಹೆಚ್ಚಾಗಿ ಕೈಕಾಲಿಗೆ ಬಳಸುವ ಪದಗಳು. ಕೈಕಾಲು ಮುಂಡಕ್ಕೆ ಸೇರುವ ಜಾಗಕ್ಕೆ ಹತ್ತಿರ ಇದ್ದರೆ ಪ್ರಾಕ್ಸಿಮಲ್, ದೂರ ಇದ್ದರೆ ಡಿಸ್ಟಲ್. ಮೊಣಕೈ ಮಣಿಕಟ್ಟಿಗಿಂತ ಪ್ರಾಕ್ಸಿಮಲ್. ಕೈಕಾಲಿನ ಉದ್ದಕ್ಕೆ ಮೇಲೆ ಕೆಳಗೆ ಹೇಳಬೇಕಾದಾಗ ಸುಪೀರಿಯರ್, ಇನ್‌ಫೀರಿಯರ್ ಬದಲು ಈ ಜೋಡಿಯನ್ನೇ ಬಳಸಿ.

ಹಂತ ಮುಗಿಯಿತು ಎಂದು ತಿಳಿಯುವುದು ಹೇಗೆ? ಗೆಳತಿ ದೇಹದ ಎರಡು ಜಾಗ ಹೇಳಬೇಕು, ನೀವು ಮೂರು ಸೆಕೆಂಡಿನಲ್ಲಿ ಸಂಬಂಧ ಹೇಳಬೇಕು. ಹತ್ತಕ್ಕೆ ಒಂಬತ್ತು ಸರಿ ಬಂದರೆ ಮುಂದೆ ಹೋಗಿ.

## ಹಂತ 3: ಮನೆಮಾತಿನ ಪದಗಳನ್ನು ಬಿಡಿಸಿಕೊಳ್ಳಿ

ಈ ಹಂತ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಕನ್ನಡ ಮಾತಾಡುವವರಿಗೆ ಇದು ಇಲ್ಲದೆ ಆಗುವುದಿಲ್ಲ. ನಮ್ಮ ಮಾತಿನಲ್ಲಿ ಒಂದು ಪದ ಮಾಡುವ ಕೆಲಸವನ್ನು ಅನಾಟಮಿಯಲ್ಲಿ ಮೂರು ನಾಲ್ಕು ಪದ ಮಾಡುತ್ತವೆ.

ಕೈ ಎಂದರೆ ನಮಗೆ ಭುಜದಿಂದ ಬೆರಳ ತುದಿವರೆಗೆ. ಪುಸ್ತಕದಲ್ಲಿ ಆರ್ಮ್ ಎಂದರೆ ಭುಜದಿಂದ ಮೊಣಕೈವರೆಗೆ ಮಾತ್ರ, ಅಂದರೆ ತೋಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಫೋರ್‌ಆರ್ಮ್, ಅಂದರೆ ಮುಂಗೈ. ಅದರ ಕೆಳಗಿನದು ಮಾತ್ರ ಹ್ಯಾಂಡ್. ಕಾಲಿನದೂ ಹಾಗೇ. ತೊಡೆ ಥೈ. ಮೊಣಕಾಲಿನಿಂದ ಕೆಳಗೆ ಪಾದದ ಗಂಟಿನವರೆಗೆ ಇರುವುದು ಮಾತ್ರ ಲೆಗ್. ಪರೀಕ್ಷೆಯಲ್ಲಿ ಲೆಗ್‌ನ ಮೂಳೆ ಕೇಳಿದರೆ ಫೀಮರ್ ಬರೆಯುವವರು ಬಹಳ. ಫೀಮರ್ ತೊಡೆಯ ಮೂಳೆ. ಲೆಗ್‌ನಲ್ಲಿರುವುದು ಟಿಬಿಯಾ ಮತ್ತು ಫಿಬ್ಯುಲಾ.

ಹೊಟ್ಟೆ ಇನ್ನೊಂದು. "ಹೊಟ್ಟೆ ನೋವು" ಎಂದಾಗ ಅದು ಇಡೀ ಉದರ, ಅಂದರೆ ಅಬ್ಡಮನ್. "ಹೊಟ್ಟೆ ತುಂಬಿತು" ಎಂದಾಗ ಅದು ಜಠರ, ಅಂದರೆ ಸ್ಟಮಕ್. "ಸೊಂಟ ನೋವು" ಎಂದವರು ಬೆನ್ನಿನ ಕೆಳಭಾಗ ತೋರಿಸಬಹುದು, ಹಿಪ್ ಜಾಯಿಂಟ್ ತೋರಿಸಬಹುದು. ಕೇಳದೆ ಬರೆಯಬೇಡಿ. ಬೆರಳಿಟ್ಟು ತೋರಿಸಲು ಹೇಳಿ.

ಎಲ್ಲಕ್ಕಿಂತ ಅಪಾಯದ ಪದ "ನರ". ಡ್ರಿಪ್ ಹಾಕಲು ಸೂಜಿ ಹಿಡಿದು ನಿಂತಾಗ ರೋಗಿಯ ಕಡೆಯವರು ಕೇಳುತ್ತಾರೆ, "ಸಿಸ್ಟರ್, ನರ ಸಿಗ್ತಿಲ್ವಾ?" ಅವರು ಹೇಳುತ್ತಿರುವುದು ರಕ್ತನಾಳ, ವೇನ್. ರಾತ್ರಿ ಮಲಗಿದಾಗ ಮೀನಖಂಡ ಹಿಡಿದುಕೊಂಡರೆ "ನರ ಹಿಡ್ಕೊಂಡಿದೆ" ಎನ್ನುತ್ತಾರೆ. ಅದು ಸ್ನಾಯು, ಮಸಲ್. ಮಣಿಕಟ್ಟಿನಲ್ಲಿ ಹಗ್ಗದಂತೆ ಎದ್ದು ಕಾಣುವುದನ್ನೂ ನರ ಎನ್ನುತ್ತೇವೆ. ಅದು ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್. ನಿಜವಾದ ನರ್ವ್ ಮೆದುಳು ಮತ್ತು ಬೆನ್ನುಹುರಿಯ ಸಂದೇಶ ಸಾಗಿಸುತ್ತದೆ. ಮೊಣಕೈ ಒಳಬದಿಯ ಮೂಳೆಯ ಹಿಂದೆ ಏಟು ಬಿದ್ದಾಗ ಕಿರುಬೆರಳವರೆಗೆ ಜುಂ ಎನ್ನುತ್ತದಲ್ಲ, ಅಲ್ಲಿರುವುದು ಅಲ್ನಾರ್ ನರ್ವ್. ನೋಟ್‌ಬುಕ್ಕಿನಲ್ಲಿ ಒಂದು ಪುಟಕ್ಕೆ "ನರ" ಎಂದು ತಲೆಬರಹ ಕೊಟ್ಟು, ಕೆಳಗೆ ವೇನ್, ಮಸಲ್, ಟೆಂಡನ್, ನರ್ವ್ ಎಂದು ನಾಲ್ಕು ಸಾಲು ಬರೆದುಕೊಳ್ಳಿ.

## ಹಂತ 4: ಪದವನ್ನು ಬಾಲದಿಂದ ಬಿಡಿಸಿ

ಈಗ ಉದ್ದದ ಪದಗಳು. ಇಲ್ಲಿ ಕನ್ನಡ ಮಾಧ್ಯಮದವರಿಗೆ ನಿಜಕ್ಕೂ ಅನುಕೂಲ ಇದೆ. ಪದ ಬಿಡಿಸುವುದನ್ನು ನೀವು ಹೈಸ್ಕೂಲಿನಲ್ಲೇ ಕಲಿತಿದ್ದೀರಿ. ಪಿತ್ತಕೋಶ ಎಂದರೆ ಪಿತ್ತದ ಕೋಶ. ಅದೇ ಅಂಗದ ಆಪರೇಷನ್ ಹೆಸರು ಕೋಲೆಸಿಸ್ಟೆಕ್ಟಮಿ. ಕೋಲೆ ಎಂದರೆ ಪಿತ್ತ, ಸಿಸ್ಟ್ ಎಂದರೆ ಚೀಲ ಅಥವಾ ಕೋಶ, ಎಕ್ಟಮಿ ಎಂದರೆ ಕತ್ತರಿಸಿ ತೆಗೆಯುವುದು. ಪಿತ್ತಕೋಶವನ್ನು ತೆಗೆಯುವುದು. ಹೊಸದೇನೂ ಇಲ್ಲ, ಅದೇ ಸಮಾಸ.

ಓದುವ ಕ್ರಮ ಹೀಗೆ: ಮೊದಲು ಬಾಲ, ಆಮೇಲೆ ತಲೆ, ಕೊನೆಗೆ ನಡು. ಬಾಲ ಏನಾಗಿದೆ ಎಂದು ಹೇಳುತ್ತದೆ. ತಲೆ ಎಷ್ಟು, ಎಲ್ಲಿ, ಹೇಗೆ ಎಂದು ಹೇಳುತ್ತದೆ. ನಡು ಯಾವ ಅಂಗ ಎಂದು ಹೇಳುತ್ತದೆ. ಪೆರಿಕಾರ್ಡೈಟಿಸ್ ತೆಗೆದುಕೊಳ್ಳಿ. ಬಾಲ ಐಟಿಸ್, ಉರಿಯೂತ. ತಲೆ ಪೆರಿ, ಸುತ್ತ. ನಡು ಕಾರ್ಡ್, ಹೃದಯ. ಹೃದಯದ ಸುತ್ತಲಿನ ಪೊರೆಯ ಉರಿಯೂತ.

ಮೊದಲ ವಾರಕ್ಕೆ ಈ ಬಾಲಗಳು ಸಾಕು:

- ಐಟಿಸ್: ಉರಿಯೂತ
- ಎಕ್ಟಮಿ: ಕತ್ತರಿಸಿ ತೆಗೆಯುವುದು
- ಆಟಮಿ: ಕೊಯ್ಯುವುದು ಮಾತ್ರ
- ಆಸ್ಟಮಿ: ಹೊರಕ್ಕೆ ಅಥವಾ ಇನ್ನೊಂದು ಅಂಗಕ್ಕೆ ಬಾಯಿ ಮಾಡುವುದು
- ಸ್ಕೊಪಿ: ಒಳಗೆ ಇಣುಕಿ ನೋಡುವುದು
- ಆಲ್ಜಿಯಾ: ನೋವು
- ಮೆಗಲಿ: ದೊಡ್ಡದಾಗಿರುವುದು
- ಈಮಿಯಾ: ರಕ್ತದಲ್ಲಿ
- ಯೂರಿಯಾ: ಮೂತ್ರದಲ್ಲಿ

ತಲೆಗಳಲ್ಲಿ ಹೈಪರ್ (ಹೆಚ್ಚು), ಹೈಪೋ (ಕಡಿಮೆ, ಕೆಳಗೆ), ಟ್ಯಾಕಿ (ವೇಗ), ಬ್ರ್ಯಾಡಿ (ನಿಧಾನ), ಎಂಡೋ (ಒಳಗೆ), ಇಂಟರ್ (ಎರಡರ ನಡುವೆ), ಇಂಟ್ರಾ (ಒಂದರ ಒಳಗೆ). ನಡುವಿನ ಬೇರುಗಳು ಗ್ಯಾಸ್ಟ್ರ್ ಜಠರ, ಹೆಪಟ್ ಯಕೃತ್ತು, ನೆಫ್ರ್ ಮೂತ್ರಪಿಂಡ, ಆಸ್ಟಿ ಮೂಳೆ, ಆರ್ಥ್ರ್ ಕೀಲು, ಮೈ ಸ್ನಾಯು, ನ್ಯೂರ್ ನರ. ಒಂದು ದಿನಕ್ಕೆ ಹತ್ತು ಕಾರ್ಡ್‌ಗಿಂತ ಜಾಸ್ತಿ ಬೇಡ. ಜಾಸ್ತಿ ಮಾಡಿದವರು ನಾಲ್ಕನೇ ದಿನಕ್ಕೆ ಪೂರ್ತಿ ಬಿಟ್ಟುಬಿಡುವುದನ್ನು ನೋಡಿದ್ದೇನೆ.

ನಡುವೆ ಬರುವ "ಓ" ಬಗ್ಗೆ ಎಲ್ಲರೂ ಕೇಳುತ್ತಾರೆ. ಗ್ಯಾಸ್ಟ್ರೋಸ್ಕೊಪಿಯಲ್ಲಿ ಓ ಇದೆ, ಗ್ಯಾಸ್ಟ್ರೈಟಿಸ್‌ನಲ್ಲಿ ಯಾಕಿಲ್ಲ? ಲೋಪಸಂಧಿ ನೆನಪಿಸಿಕೊಳ್ಳಿ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ಉಕಾರ ಬಿಟ್ಟುಹೋಗುತ್ತದೆ. ಇಲ್ಲೂ ಬಾಲ ಸ್ವರದಿಂದ ಶುರುವಾದರೆ ಓ ಬಿಟ್ಟುಹೋಗುತ್ತದೆ. ಆದರೆ ಎರಡು ಬೇರುಗಳ ನಡುವೆ ಬಂದ ಓ ಸಾಮಾನ್ಯವಾಗಿ ಉಳಿಯುತ್ತದೆ: ಗ್ಯಾಸ್ಟ್ರೋಎಂಟರೈಟಿಸ್, ಆಸ್ಟಿಯೋಆರ್ಥ್ರೈಟಿಸ್.

ಎಚ್ಚರ: ಬಿಡಿಸಿದ ಅರ್ಥ ದಾರಿ ತೋರಿಸುತ್ತದೆ, ಅದೇ ಕೊನೆಯ ಅರ್ಥ ಅಲ್ಲ. ಅನೀಮಿಯಾ ಬಿಡಿಸಿದರೆ "ರಕ್ತ ಇಲ್ಲ" ಎಂದಾಗುತ್ತದೆ. ನಿಜವಾದ ಅರ್ಥ ಹಿಮೋಗ್ಲೋಬಿನ್ ಅಥವಾ ಕೆಂಪು ರಕ್ತಕಣ ಕಡಿಮೆ ಇರುವುದು. ಓಮ ಎಂಬ ಬಾಲ ಸಾಮಾನ್ಯವಾಗಿ ಗಡ್ಡೆಗೆ ಬರುತ್ತದೆ, ಆದರೆ ಹೆಮಟೋಮ ಎಂದರೆ ಏಟು ಬಿದ್ದ ಕಡೆ ರಕ್ತ ಕಟ್ಟಿಕೊಂಡಿರುವುದು, ಕ್ಯಾನ್ಸರ್ ಅಲ್ಲ. ರೋಗಿಯ ಮನೆಯವರಿಗೆ ಅರ್ಧ ಬಿಡಿಸಿ ಹೇಳಿ ಹೆದರಿಸಬೇಡಿ. ಬಿಡಿಸಿದ ಮೇಲೆ ಒಮ್ಮೆ ಮೆಡಿಕಲ್ ಡಿಕ್ಷನರಿ ನೋಡಿ.

## ಹಂತ 5: ಅವಳಿ ಪದಗಳಿಗೆ ಬೇರೆ ಪುಟ ಇಡಿ

ಕನ್ನಡದಲ್ಲಿ ಮಾತ್ರ ಬರೆದುಕೊಳ್ಳಬೇಡಿ ಎಂದಿದ್ದೆನಲ್ಲ, ಕಾರಣ ಇಲ್ಲಿದೆ. ಇಲಿಯಮ್ ಎಂದು ಕನ್ನಡದಲ್ಲಿ ಬರೆದರೆ ಸಣ್ಣ ಕರುಳಿನ ಕೊನೆಯ ಭಾಗವೋ, ಸೊಂಟದ ಮೂಳೆಯೋ ಗೊತ್ತೇ ಆಗುವುದಿಲ್ಲ. ಸ್ಪೆಲ್ಲಿಂಗ್‌ನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಮೂರನೇ ಅಕ್ಷರ "ಇ" ಇದ್ದರೆ ಈಟ್, ಅಂದರೆ ಊಟ ಹೋಗುವ ದಾರಿ, ಕರುಳು. "ಐ" ಇದ್ದರೆ ಹಿಪ್ ಪದದ ಐ, ಮೂಳೆ. ಯೂರಿಯಾ ಕೂಡ ಹಾಗೇ. ಬಾಲವಾಗಿ ಬಂದರೆ "ಮೂತ್ರದಲ್ಲಿ" ಎಂದರ್ಥ, ಹೆಮಟೂರಿಯಾ ಎಂದರೆ ಮೂತ್ರದಲ್ಲಿ ರಕ್ತ. ಒಂಟಿಯಾಗಿ ಬಂದರೆ ರಕ್ತ ಪರೀಕ್ಷೆಯಲ್ಲಿ ನೋಡುವ ಯೂರಿಯಾ, ಹೊಲಕ್ಕೆ ಹಾಕುವ ಗೊಬ್ಬರದ ಹೆಸರೂ ಅದೇ. ಸ್ಪೆಲ್ಲಿಂಗ್ ಬೇರೆ ಬೇರೆ.

ಯುರೇಟರ್, ಯುರೆಥ್ರಾ. ಎರಡಕ್ಕೂ ಮೂತ್ರನಾಳ ಎಂದುಬಿಡುತ್ತೇವೆ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವವು ಎರಡು ಯುರೇಟರ್. ಮೂತ್ರಕೋಶದಿಂದ ಹೊರಕ್ಕೆ ಬರುವುದು ಒಂದೇ ಯುರೆಥ್ರಾ. ಕ್ಯಾಥೆಟರ್ ಸಾಮಾನ್ಯವಾಗಿ ಹಾಕುವುದು ಇದರಲ್ಲಿ.

ಕಾರ್ಪಲ್, ಟಾರ್ಸಲ್. ಕಾರ್ ಓಡಿಸುವುದು ಕೈ, ಟಾರ್ ರೋಡಿನ ಮೇಲೆ ನಡೆಯುವುದು ಕಾಲು. ಪ್ರತಿ ಮಣಿಕಟ್ಟಿನಲ್ಲಿ 8 ಕಾರ್ಪಲ್, ಪ್ರತಿ ಪಾದದಲ್ಲಿ 7 ಟಾರ್ಸಲ್.

ಡಿಸ್‌ಫೇಜಿಯಾ ನುಂಗಲು ಕಷ್ಟ, ಡಿಸ್‌ಫೇಸಿಯಾ ಮಾತಿಗೆ ಸಂಬಂಧಿಸಿದ ಕಷ್ಟ. ಪಾರ್ಶ್ವವಾಯು ಆದವರಲ್ಲಿ ಎರಡೂ ಇರಬಹುದು. ನುಂಗಲಾಗದವರಿಗೆ ಮಾತಿನ ತೊಂದರೆ ಮಾತ್ರ ಇದೆ ಎಂದುಕೊಂಡು ಗಂಜಿ ಕುಡಿಸಿದರೆ ಅದು ಶ್ವಾಸನಾಳಕ್ಕೆ ಹೋಗಬಹುದು.

ಹೈಪರ್ ಮತ್ತು ಹೈಪೋ ಫೋನಿನಲ್ಲಿ ಕೇಳಿದರೆ ಒಂದೇ ಥರ ಇರುತ್ತವೆ. ಹೈಪೋಗ್ಲೈಸೀಮಿಯಾ ಎಂದು ಹೇಳುವಾಗ "ಶುಗರ್ ಕಡಿಮೆ" ಎಂದೂ ಸೇರಿಸಿ, ಸಂಖ್ಯೆಯನ್ನೂ ಹೇಳಿ. ಬರೆಯುವಾಗ ಪೂರ್ತಿ ಪದ ಬರೆಯಿರಿ, ತುಂಡು ಮಾಡಬೇಡಿ.

## ಹಂತ 6: ಚಲನೆಯನ್ನು ಮೈಯಿಂದ ಕಲಿಯಿರಿ

ಕೂತು ಓದಿದರೆ ಇದು ಬರುವುದಿಲ್ಲ. ಮಾಡಿ ನೋಡಿ. ತೀರ್ಥ ತೆಗೆದುಕೊಳ್ಳುವಾಗ ಅಂಗೈ ಮೇಲಕ್ಕೆ ಬರುತ್ತದೆ, ಅದು ಸುಪಿನೇಷನ್. ಚಪಾತಿ ಲಟ್ಟಿಸುವಾಗ ಅಂಗೈ ಕೆಳಕ್ಕೆ, ಅದು ಪ್ರೊನೇಷನ್. ಅಟ್ಟದ ಮೇಲಿನ ಡಬ್ಬ ತೆಗೆಯಲು ತುದಿಗಾಲಲ್ಲಿ ನಿಂತರೆ ಪ್ಲ್ಯಾಂಟಾರ್ ಫ್ಲೆಕ್ಷನ್. ಹಿಮ್ಮಡಿ ಊರಿ ಪಾದ ಮೇಲೆತ್ತಿದರೆ ಡಾರ್ಸಿಫ್ಲೆಕ್ಷನ್. ಕುಕ್ಕರುಗಾಲಲ್ಲಿ ಕೂತರೆ ಸೊಂಟದ ಕೀಲಿನಲ್ಲೂ ಮೊಣಕಾಲಿನಲ್ಲೂ ಫ್ಲೆಕ್ಷನ್, ಅಂದರೆ ಮಡಚುವುದು.

ಅಬ್‌ಡಕ್ಷನ್ ನಡುಗೆರೆಯಿಂದ ದೂರ, ಅಡ್‌ಡಕ್ಷನ್ ನಡುಗೆರೆ ಕಡೆಗೆ. ಗ್ರೂಪಿಗೆ "ಆಡ್ ಮಾಡು" ಎನ್ನುತ್ತೀರಲ್ಲ, ಹಾಗೆ ದೇಹಕ್ಕೆ ಆಡ್ ಮಾಡುವುದು ಅಡ್‌ಡಕ್ಷನ್. ಜೋರಾಗಿ ಹೇಳುವಾಗ "ಎ ಬಿ ಡಕ್ಷನ್", "ಎ ಡಿ ಡಕ್ಷನ್" ಎಂದು ಅಕ್ಷರ ಬಿಡಿಸಿ ಹೇಳುವ ಅಭ್ಯಾಸ ಇಟ್ಟುಕೊಳ್ಳಿ.

ಕೊಯ್ತದ ಸಮತಲಗಳನ್ನು ಇದೇ ದಿನ ಒಂದು ಸೌತೆಕಾಯಿ ನಿಲ್ಲಿಸಿ ಕಲಿಯಬಹುದು. ಬಿಲ್ಲೆಯಾಗಿ ಹೆಚ್ಚಿದರೆ ಟ್ರಾನ್ಸ್‌ವರ್ಸ್. ಎಡ ಬಲ ಹೋಳಾಗುವಂತೆ ಸೀಳಿದರೆ ಸಜಿಟಲ್. ಮುಂದೆ ಹಿಂದೆ ಹೋಳಾದರೆ ಕೊರೋನಲ್. ಸಿಟಿ ಸ್ಕ್ಯಾನಿನ ಬಿಲ್ಲೆಗಳನ್ನು ಪಾದದ ಕಡೆಯಿಂದ ನೋಡಿದಂತೆ ತೋರಿಸುತ್ತಾರೆ. ಹಾಗಾಗಿ ಚಿತ್ರದಲ್ಲಿ ನಿಮ್ಮ ಎಡಕ್ಕೆ ಕಾಣುವ ಯಕೃತ್ತು ರೋಗಿಯ ಬಲಕ್ಕೇ ಇರುತ್ತದೆ.

## ಹಂತ 7: ಫಿಸಿಯಾಲಜಿಯ ಪದಗಳು ಕೊನೆಗೆ

ಅನಾಟಮಿ ಎಲ್ಲಿದೆ, ಹೇಗಿದೆ ಎಂದು ಹೇಳಿದರೆ ಫಿಸಿಯಾಲಜಿ ಹೇಗೆ ನಡೆಯುತ್ತದೆ ಎಂದು ಹೇಳುತ್ತದೆ. ಇಲ್ಲಿ ಪದ ಕಡಿಮೆ, ತಪ್ಪು ತಿಳಿವಳಿಕೆ ಜಾಸ್ತಿ.

ಹೋಮಿಯೋಸ್ಟಾಸಿಸ್ ಎಂದರೆ ಹೊರಗೆ ಏನೇ ಬದಲಾದರೂ ಒಳಗಿನ ಸ್ಥಿತಿಯನ್ನು ಒಂದು ಮಿತಿಯೊಳಗೆ ಹಿಡಿದಿಡುವುದು. ರಕ್ತದ ಪಿಎಚ್ 7.35ರಿಂದ 7.45ರ ಒಳಗೆ ಇರುವುದು ಇದರಿಂದ. ಅದನ್ನು ಹೆಚ್ಚಾಗಿ ಮಾಡುವುದು ನೆಗೆಟಿವ್ ಫೀಡ್‌ಬ್ಯಾಕ್. ನೆಗೆಟಿವ್ ಎಂದ ಕೂಡಲೇ ಕೆಟ್ಟದ್ದು ಎಂದು ಬರೆಯುತ್ತಾರೆ. ಅಲ್ಲ, ಬದಲಾವಣೆಗೆ ಎದುರಾಗಿ ಕೆಲಸ ಮಾಡುವುದು ಎಂದರ್ಥ. ಮನೆ ಮೇಲಿನ ಟ್ಯಾಂಕಿನಲ್ಲಿ ತೇಲುವ ಚೆಂಡು ನೀರು ತುಂಬಿದಾಗ ನಲ್ಲಿ ಮುಚ್ಚುತ್ತದೆ, ಇಳಿದಾಗ ತೆರೆಯುತ್ತದೆ. ಊಟದ ನಂತರ ಶುಗರ್ ಏರಿದಾಗ ಇನ್ಸುಲಿನ್ ಅದನ್ನು ಇಳಿಸುವುದೂ ಹೀಗೇ. ಪಾಸಿಟಿವ್ ಫೀಡ್‌ಬ್ಯಾಕ್ ಅಪರೂಪ. ಹೆರಿಗೆ ನೋವು ಹೆಚ್ಚಿದಷ್ಟೂ ಆಕ್ಸಿಟೋಸಿನ್ ಹಾರ್ಮೋನ್ ಹೆಚ್ಚಿ, ಮಗು ಹೊರಬರುವವರೆಗೂ ನೋವು ಏರುತ್ತಲೇ ಹೋಗುವುದು ಅದಕ್ಕೆ ಉದಾಹರಣೆ.

ಆಸ್ಮೋಸಿಸ್ ಅರ್ಥವಾಗದಿದ್ದರೆ ಉಪ್ಪಿನಕಾಯಿ ಹಾಕುವುದನ್ನು ನೆನೆಯಿರಿ. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಹಾಕಿಟ್ಟರೆ ಬೆಳಿಗ್ಗೆಗೆ ನೀರು ಬಿಟ್ಟಿರುತ್ತದೆ. ಹೊರಗೆ ಉಪ್ಪು ಜಾಸ್ತಿ, ಅದು ಹೈಪರ್‌ಟಾನಿಕ್. ಜೀವಕೋಶದ ಒಳಗಿನ ನೀರು ಹೊರಗೆ ಬಂತು. 0.9 ಶೇಕಡಾ ಉಪ್ಪಿನ ನಾರ್ಮಲ್ ಸಲೈನ್ ರಕ್ತಕ್ಕೆ ಹೆಚ್ಚುಕಡಿಮೆ ಸಮ, ಅದು ಐಸೋಟಾನಿಕ್. ಅದರಲ್ಲಿ ಕೆಂಪು ರಕ್ತಕಣ ಕುಗ್ಗುವುದೂ ಇಲ್ಲ, ಒಡೆಯುವುದೂ ಇಲ್ಲ.

ಶಾಲೆಯಲ್ಲಿ ಕಲಿತ ಒಂದು ವಾಕ್ಯವನ್ನು ಇಲ್ಲಿ ಬಿಡಬೇಕು: "ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ." ಹೃದಯದಿಂದ ಹೊರಟದ್ದು ಆರ್ಟರಿ, ಹೃದಯಕ್ಕೆ ಬರುವುದು ವೇನ್. ದಿಕ್ಕು ಮಾತ್ರ ನೋಡಿ. ಪಲ್ಮೊನರಿ ಆರ್ಟರಿಯಲ್ಲಿ ಆಕ್ಸಿಜನ್ ಕಡಿಮೆ ಇರುವ ರಕ್ತ ಶ್ವಾಸಕೋಶಕ್ಕೆ ಹೋಗುತ್ತದೆ, ಆದರೂ ಅದು ಆರ್ಟರಿಯೇ.

## ಎಲ್ಲೋ ತಪ್ಪುತ್ತಿದೆ ಎಂದು ಹೇಳುವ ಸೂಚನೆಗಳು

ಪದ ಬಾಯಿಗೆ ಬರುತ್ತದೆ, ಮೈಮೇಲೆ ಬೆರಳಿಡಲು ಆಗುವುದಿಲ್ಲ: ಹಂತ 2ಕ್ಕೆ ವಾಪಸ್ ಹೋಗಿ. ಚಿತ್ರ ನೋಡಿದಾಗ ಎಡ ಬಲ ಯೋಚಿಸಬೇಕಾಗುತ್ತದೆ: ಹಂತ 1. ಕಾರ್ಡ್‌ನಲ್ಲಿ ಗೊತ್ತಿದ್ದ ಬಾಲ ಹೊಸ ಪದದಲ್ಲಿ ಬಂದರೆ ಗುರುತು ಸಿಗುವುದಿಲ್ಲ: ನೀವು ಪದವನ್ನು ಇಡಿಯಾಗಿ ಉರು ಹೊಡೆದಿದ್ದೀರಿ, ಹಂತ 4 ಮತ್ತೆ ಮಾಡಿ. ಪರೀಕ್ಷೆ ಹತ್ತಿರ ಬಂತೆಂದು ಹಂತ 3 ಬಿಟ್ಟಿದ್ದರೆ ದಯವಿಟ್ಟು ಹಿಂದೆ ಹೋಗಿ ಅದನ್ನು ಮಾಡಿ. ವಾರ್ಡಿನಲ್ಲಿ ದಿನವೂ ಬೇಕಾಗುವುದು ಅದೇ.

## ಕೊನೆಯ ಪರೀಕ್ಷೆ: ನಾಲ್ಕು ಪದ, ಒಂದು ಬೆರಳು

ಎರಡೂ ಕೈಗಳನ್ನು ಸೊಂಟದ ಮೇಲಿಟ್ಟು ನಿಲ್ಲಿ. ಬೆರಳುಗಳು ಮೂಳೆಯ ಅಂಚಿನ ಮೇಲಿರುತ್ತವೆ. ಆ ಅಂಚಿನಲ್ಲೇ ಮುಂದಕ್ಕೆ ಜಾರಿಸುತ್ತ ಬನ್ನಿ. ಮುಂದೆ ಒಂದು ಕಡೆ ಮೊನಚಾದ ಉಬ್ಬು ಸಿಕ್ಕಿ, ಅಲ್ಲಿಂದ ಅಂಚು ಕೆಳಗಿಳಿಯುತ್ತದೆ. ಆ ಉಬ್ಬಿನ ಹೆಸರು ಆಂಟೀರಿಯರ್ ಸುಪೀರಿಯರ್ ಇಲಿಯಾಕ್ ಸ್ಪೈನ್. ಕೇಳಿದ ಕೂಡಲೇ ಮಕ್ಕಳು ಕಂಗಾಲಾಗುವ ಹೆಸರು ಇದು. ಈಗ ಬಿಡಿಸಿ. ಮುಂದಿನ, ಮೇಲಿನ, ಇಲಿಯಮ್ ಮೂಳೆಯ, ಮುಳ್ಳಿನಂಥ ತುದಿ. ಸ್ಪೈನ್ ಎಂದರೆ ಇಲ್ಲಿ ಬೆನ್ನುಮೂಳೆ ಅಲ್ಲ.

ಗೆಳತಿಗೆ ಹೊಕ್ಕುಳು ಮತ್ತು ಬಲಗಡೆಯ ಆ ತುದಿಯ ಮೇಲೆ ಬಟ್ಟೆಯ ಮೇಲಿಂದಲೇ ಬೆರಳಿಡಲು ಹೇಳಿ. ಎರಡನ್ನೂ ಸೇರಿಸುವ ಗೆರೆಯಲ್ಲಿ, ಮೂಳೆಯ ತುದಿಯಿಂದ ಮೂರನೇ ಒಂದು ಭಾಗ ಬಂದರೆ ಸಿಗುವುದು ಮ್ಯಾಕ್‌ಬರ್ನಿ ಪಾಯಿಂಟ್. ಅಪೆಂಡಿಸೈಟಿಸ್ ಆದಾಗ ಒತ್ತಿದರೆ ಸಾಮಾನ್ಯವಾಗಿ ಜಾಸ್ತಿ ನೋಯುವ ಜಾಗ ಅದು. ಇದನ್ನು ತೋರಿಸದೆ, ಬರೀ ಮಾತಿನಲ್ಲಿ, ಕಲಿತ ಪದಗಳನ್ನೇ ಬಳಸಿ ಅವಳಿಗೆ ವಿವರಿಸಿ. ಅವಳು ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದು ಗುರುತು ಹಾಕಲಿ. ಗುರುತು ಚಿತ್ರದ ದೇಹದ ಬಲಕ್ಕೆ (ಅಂದರೆ ಕಾಗದ ನೋಡುವವರ ಎಡಕ್ಕೆ), ಹೊಕ್ಕುಳಿಗೆ ಇನ್‌ಫೀರಿಯರ್, ಮೂಳೆಯ ತುದಿಗೆ ಮೀಡಿಯಲ್ ಬಂದಿದ್ದರೆ ಮೂಳೆಗಳ ಅಧ್ಯಾಯ ತೆರೆಯಿರಿ.